ತಿರುವಿನಲ್ಲಿ ಕೈಮುಗಿದು ನಿಂತವರು

ಕೇರಳದ ಗಡಿಯ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ರಸ್ತೆಗಳಲ್ಲಿ ತಿರುವುಗಳಿಗೇನೂ ಬರವಿಲ್ಲ. ಚುನಾವಣೆ ಬಂದರೆ ಒಂದೊಂದು ತಿರುವಿನಲ್ಲೂ ಒಬ್ಬೊಬ್ಬರು ಕೈಮುಗಿದು ನಿಲ್ಲುತ್ತಾರೆ, ಒಂದು ಬೋರ್ಡು ಕನ್ನಡದಲ್ಲಿ, ಪಕ್ಕದ್ದು ಮಲೆಯಾಳದಲ್ಲಿ. ವೋಟು ಕೇಳಲಿ. ಎದುರಿನಿಂದ ಬರುವ ಜೀಪು ಕಾಣುವಷ್ಟು ಜಾಗವನ್ನಾದರೂ ಬಿಡಬೇಡವೇ?

ನಿಯಮಗಳಿಗೆ ಕೊರತೆಯಿಲ್ಲ. ಚುನಾವಣೆ ಘೋಷಣೆಯಾದ 24 ಗಂಟೆಯೊಳಗೆ ಸರಕಾರಿ ಕಟ್ಟಡಗಳಿಂದ, 48 ಗಂಟೆಯೊಳಗೆ ಬಸ್‌ಸ್ಟ್ಯಾಂಡು, ಕರೆಂಟು ಕಂಬಗಳಿಂದ, 72 ಗಂಟೆಯೊಳಗೆ ಖಾಸಗಿ ಜಾಗದಲ್ಲಿ ಅನುಮತಿಯಿಲ್ಲದೆ ಹಾಕಿದ್ದನ್ನು ತೆಗೆಸಬೇಕು. ಪ್ರಚಾರಕ್ಕೆ ಫ್ಲೆಕ್ಸ್ ಬೇಡವೆಂದು ಕೇರಳ ಹೈಕೋರ್ಟು 2019ರಲ್ಲೇ ಹೇಳಿದೆ. (ಇದರಿಂದ ನಮಗೆ ಸಣ್ಣ ನಷ್ಟವೂ ಆಯಿತೆನ್ನಿ. ಹಳೆಯ ಫ್ಲೆಕ್ಸು ಮಳೆಗಾಲದಲ್ಲಿ ಕಟ್ಟಿಗೆ ರಾಶಿಗೆ ಹೊದಿಸಲು ಬಲು ಒಳ್ಳೆಯದಿತ್ತು. ಗೆದ್ದವರೂ ಸೋತವರೂ ಒಂದೇ ಕೊಟ್ಟಿಗೆಯಲ್ಲಿ ಒಟ್ಟಿಗೆ ನೆನೆಯುತ್ತಿದ್ದರು.)

ಎಡವಟ್ಟಾಗುವುದು ಖಾಸಗಿ ಜಾಗದಲ್ಲಿ. ಯಜಮಾನನ ಲಿಖಿತ ಅನುಮತಿ ಪಡೆದು, ಅದರ ಪ್ರತಿಯನ್ನು ಚುನಾವಣಾಧಿಕಾರಿಗೆ ಕೊಡಬೇಕೆಂದಿದೆ. ಹಳ್ಳಿಯಲ್ಲಿ ಆಗುವುದೇ ಬೇರೆ. ಬೋರ್ಡು ಹೊತ್ತು ಬರುವವನು ಮೊನ್ನೆ ನಮ್ಮ ಮನೆಯ ಪೂಜೆಗೆ ಬಡಿಸಿದ ಹುಡುಗ. "ಅಣ್ಣಾ, ಎರಡೇ ಎರಡು ಆಣಿ" ಅನ್ನುತ್ತಾನೆ. ಅವನ ಹತ್ತಿರ ಕಾಗದ ಕೇಳುವ ಧೈರ್ಯ ಯಾರಿಗಿದೆ? "ಆಯ್ತು ಮಾರಾಯ" ಎಂದುಬಿಡುತ್ತೇವೆ. ಒಬ್ಬನಿಗೆ ಆಯ್ತು ಎಂದ ಮೇಲೆ ಉಳಿದ ಪಕ್ಷದವರಿಗೂ ಅನ್ನಲೇಬೇಕು. ಗೋಡೆಗಳಂತೂ ಚುನಾವಣೆಗೆ ಎಷ್ಟೋ ಮೊದಲೇ ಪಕ್ಷದ ಹೆಸರು, ಇಸವಿ ಸಮೇತ 'ಬುಕ್ಡ್' ಆಗಿರುತ್ತವೆ.

ನನ್ನ ತಕರಾರು ಆ ಅನುಮತಿಯ ಬಗ್ಗೆಯೇ. ಜಾಗ ನನ್ನದಿರಬಹುದು, ಆದರೆ ತಿರುವಿನಲ್ಲಿ ಬೈಕಿನವನಿಗೆ ಎದುರಿನ ದಾರಿ ಕಾಣುವುದನ್ನು ತಡೆಯಲು ಒಪ್ಪಿಗೆ ಕೊಡಲಿಕ್ಕೆ ನಾನು ಯಾರು? ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಚುನಾವಣಾ ಆಯೋಗದ ದೂರಿನ ಆ್ಯಪ್ ಸಿ-ವಿಜಿಲ್‌ಗೆ ಫೋಟೊ ಕಳಿಸಿದರೆ 100 ನಿಮಿಷದಲ್ಲಿ ಕ್ರಮ ಎನ್ನುತ್ತಾರೆ. ಯಜಮಾನನೇ ಒಪ್ಪಿದ ಬೋರ್ಡಿನ ಮೇಲೆ ಏನೆಂದು ದೂರು ಕೊಡುವುದು?

ಪೂರ್ತಿ ನಿಷೇಧ ನನಗೆ ಬೇಡ. ದುಡ್ಡಿಲ್ಲದ ಪಕ್ಷೇತರನಿಗೆ ನಾಲ್ಕು ಬೋರ್ಡೇ ಪ್ರಚಾರ. ಆದರೆ ಯಾವ ಪಕ್ಷವೂ ತಾನಾಗಿ ತಿರುವು ಬಿಟ್ಟುಕೊಡುವುದಿಲ್ಲ. 2016ರಲ್ಲಿ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಫಲಿತಾಂಶ 89 ವೋಟಿನಲ್ಲಿ ತೀರ್ಮಾನವಾದದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಹಾಗಾಗಿ ನಿಯಮವೇ ಬರಬೇಕು: ಜಾಗ ಯಾರದೇ ಇರಲಿ, ತಿರುವಿನ ಎರಡೂ ಬದಿ ಇಂತಿಷ್ಟು ಮೀಟರ್ ಖಾಲಿ. ಅದರ ಬದಲಿಗೆ ವಾರ್ಡಿಗೊಂದು ಜಾಗವನ್ನು ಪಂಚಾಯತು ಗುರುತಿಸಿ ಕೊಡಲಿ. ಅಂಥ ಜಾಗಗಳಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಸಮಾನ ಅವಕಾಶ ಸಿಗಬೇಕೆಂದು ಆಯೋಗದ ಸೂಚನೆ ಈಗಲೇ ಇದೆ.

ಅಳೆಯುವವರು ಯಾರು ಎಂದು ಗೆಳೆಯರೊಬ್ಬರು ನಕ್ಕರು. ಮತದಾನದ ದಿನ ಮತಗಟ್ಟೆಯಿಂದ 100 ಮೀಟರ್ ಒಳಗೆ ಪ್ರಚಾರ ಕೂಡದೆಂದು ಅಳೆದು ಗುರುತು ಹಾಕುತ್ತಾರಲ್ಲ, ಅದೇ ಟೇಪು ಸಾಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳುವವನಿದ್ದೇನೆ. ಜೊತೆಗೆ ಸಹಿ ಹಾಕುವವರು, ಯಾವ ಪಕ್ಷದವರಾದರೂ ಸರಿ, ಇನ್‌ಬಾಕ್ಸಿಗೆ ಬನ್ನಿ.