ಎಲ್ಲರೂ ಒಳ್ಳೆಯ ನೆಲವೇ ಆದರೆ ಮುಳ್ಳು ಬೆಳೆದದ್ದು ಎಲ್ಲಿ?

ಪ್ರಾರ್ಥನಾ ಕೂಟ ಮುಗಿಸಿ ಈಗಷ್ಟೇ ಮನೆಗೆ ಬಂದೆ. ತಲೆ ಕೆಟ್ಟಿದೆ. ಬರೆದು ಹಗುರಾಗದಿದ್ದರೆ ನಿದ್ದೆ ಬರುವುದಿಲ್ಲ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಇವತ್ತಿನ ವಿಷಯ ಬಿತ್ತುವವನ ಸಾಮ್ಯ. ಸಾಮ್ಯ ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ಒಬ್ಬ ಬಿತ್ತಿದ ಬೀಜ ದಾರಿಯ ಮಗ್ಗುಲಲ್ಲಿ ಬಿದ್ದರೆ ಹಕ್ಕಿ ತಿನ್ನುತ್ತದೆ, ಬಂಡೆಯ ನೆಲದಲ್ಲಿ ಬೇರಿಲ್ಲದೆ ಒಣಗುತ್ತದೆ, ಮುಳ್ಳಿನ ನೆಲದಲ್ಲಿ ಅಡಗಿಹೋಗುತ್ತದೆ, ಒಳ್ಳೆಯ ನೆಲದಲ್ಲಿ ಫಲ ಕೊಡುತ್ತದೆ. ಬೀಜ ದೇವರ ಮಾತು, ನೆಲ ಅದನ್ನು ಕೇಳುವವರು. ಖುಷಿಯಾಗಿಯೇ ಹೋಗಿದ್ದೆ. ಯೇಸು ಹೇಳಿದ ಸಾಮ್ಯಗಳೆಂದರೆ ನನಗೆ ಎಷ್ಟು ಹುಚ್ಚು ಎಂದು ನಿಮಗೆ ಗೊತ್ತೇ ಇದೆ. ಮಾತಾಡಲು ಬಂದಿದ್ದವರು ಬೈಬಲ್ ತೆರೆಯುವ ಮೊದಲೇ ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟರು. ಮೇಲೆ ದಪ್ಪ ಅಕ್ಷರದಲ್ಲಿ 'ನೀವು ಯಾವ ನೆಲ?' ಎಂದಿತ್ತು. ಕೆಳಗೆ ಪ್ರಶ್ನೆಗಳು. ದಿನಾ ಪ್ರಾರ್ಥನೆ ಮಾಡುತ್ತೀರಾ? ಭಾನುವಾರ ತಪ್ಪಿಸುತ್ತೀರಾ? ಉಪವಾಸ ಇರುತ್ತೀರಾ? ದಶಮಾಂಶ (ಗಳಿಕೆಯ ಹತ್ತನೇ ಒಂದು ಪಾಲು) ಕೊಡುತ್ತೀರಾ? ಒಂದೊಂದು ಉತ್ತರಕ್ಕೂ ಅಂಕ. ಕೂಡಿಸಿದರೆ ನೀವು ದಾರಿಯ ಮಗ್ಗುಲೋ, ಬಂಡೆಯ ನೆಲವೋ, ಮುಳ್ಳಿನ ನೆಲವೋ, ಒಳ್ಳೆಯ ನೆಲವೋ ಗೊತ್ತಾಗುತ್ತದಂತೆ.

ಫಲಿತಾಂಶ ಏನು ಬಂತು ಹೇಳಿ? ಕೋಣೆಯಲ್ಲಿದ್ದ ಎಲ್ಲರೂ ಒಳ್ಳೆಯ ನೆಲ! ಒಂದು ಕಲ್ಲಿಲ್ಲ, ಒಂದು ಮುಳ್ಳಿಲ್ಲ. ಯೇಸುವಿಗೆ ಗಲಿಲಾಯದಲ್ಲಿ ಇಂಥ ಜನ ಸಿಕ್ಕಿದ್ದರೆ ಸಾಮ್ಯ ಹೇಳುವ ಕಷ್ಟವೇ ಇರುತ್ತಿರಲಿಲ್ಲ. ನನ್ನ ಪಕ್ಕ ಕೂತಿದ್ದವರಂತೂ ಹಾಳೆಯನ್ನು ನೀಟಾಗಿ ಮಡಚಿ ಚೀಲದೊಳಗೆ ಇಟ್ಟುಕೊಂಡರು. 'ಇದು ನಮ್ಮ ನಾದಿನಿಗೆ ಬೇಕು, ಅವಳಿಗೆ ಹೇಳಿ ಮಾಡಿಸಿದ ಹಾಗಿದೆ' ಎಂದರು.

ನನ್ನ ಸಿಟ್ಟು ಆ ಹಾಳೆಯ ಮೇಲೆ ಅಲ್ಲ, ಈ ಮಾತಿನ ಮೇಲೆ. ಸಾಮ್ಯ ಕಿವಿಗೆ ಬಿದ್ದ ಕೂಡಲೇ ನಾವು ಪಾತ್ರ ಹಂಚಲು ಕೂರುತ್ತೇವೆ. ಒಳ್ಳೆಯ ಪಾತ್ರ ನಮಗೆ. ಉಳಿದದ್ದು ನಾದಿನಿಗೆ, ಪಕ್ಕದ ಮನೆಯವರಿಗೆ, ಆಗದ ಸಹೋದ್ಯೋಗಿಗೆ. ಹೀಗೆ ಹಂಚಿ ಮುಗಿಸಿ 'ಇವತ್ತಿನ ಸಂದೇಶ ತುಂಬಾ ಆಶೀರ್ವಾದಕರವಾಗಿತ್ತು' ಎಂದು ಎದ್ದು ಬರುತ್ತೇವೆ. ಆಶೀರ್ವಾದ ಯಾರಿಗಾಯಿತೋ ದೇವರೇ ಬಲ್ಲ.

ಆ ಪ್ರಶ್ನೆಗಳನ್ನು ಮತ್ತೊಮ್ಮೆ ನೋಡಿ. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಒಬ್ಬ ಫರಿಸಾಯ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಥದವನು) ದೇವಾಲಯದಲ್ಲಿ ನಿಂತು ಪ್ರಾರ್ಥನೆ ಮಾಡುತ್ತಾನಲ್ಲ, ಅವನು ವಾರಕ್ಕೆ ಎರಡು ಸಾರಿ ಉಪವಾಸ ಮಾಡುತ್ತಾನೆ. ಸಂಪಾದಿಸಿದ್ದರಲ್ಲೆಲ್ಲ ದಶಮಾಂಶ ಕೊಡುತ್ತಾನೆ. ಪ್ರಾರ್ಥನೆಯಂತೂ ಬಾಯಿಪಾಠ. ಇವತ್ತಿನ ಹಾಳೆ ಅವನ ಕೈಗೆ ಸಿಕ್ಕಿದ್ದರೆ ಪೂರ್ತಿ ಅಂಕ. ದೂರದಲ್ಲಿ ನಿಂತು ತಲೆ ಎತ್ತದೆ ಎದೆ ಬಡಿದುಕೊಂಡ ಸುಂಕದವನು (ಜನ ಪಾಪಿ ಎನ್ನುತ್ತಿದ್ದ ತೆರಿಗೆ ವಸೂಲಿಗಾರ) ಮೊದಲ ಪ್ರಶ್ನೆಯಲ್ಲೇ ಫೇಲ್. ಆದರೆ ನೀತಿವಂತನೆನಿಸಿಕೊಂಡು ಮನೆಗೆ ಹೋದದ್ದು ಯಾರು? ಇಷ್ಟು ಗೊತ್ತಿದ್ದೂ ಇಂಥ ಹಾಳೆ ಅಚ್ಚು ಹಾಕಿಸುತ್ತೇವಲ್ಲ, ನಮ್ಮ ಧೈರ್ಯವನ್ನು ಮೆಚ್ಚಬೇಕು.

ನಾಲ್ಕು ನೆಲಗಳ ವಿಷಯಕ್ಕೇ ಬರುತ್ತೇನೆ. ನನಗೆ ಕಂಡಂತೆ ನಾನು ಒಂದೊಂದು ಮಾತಿಗೆ ಒಂದೊಂದು ನೆಲ. 'ಇಲ್ಲದವರಿಗೆ ಕೊಡು' ಎಂದರೆ ನಾನು ಪರವಾಗಿಲ್ಲ, ಬೇಗ ಮೊಳೆಯುತ್ತೇನೆ. 'ಕ್ಷಮಿಸು' ಎಂದರೆ ಅಪ್ಪಟ ಕಾಲುದಾರಿ. ಮಾತು ಬಿದ್ದ ಜಾಗದಲ್ಲೇ ಹಕ್ಕಿ ಬಂದು ಹೆಕ್ಕಿಕೊಂಡು ಹೋಗುತ್ತದೆ, ಬಿದ್ದದ್ದೇ ನನಗೆ ಗೊತ್ತಾಗುವುದಿಲ್ಲ. 'ನಾಳೆಯ ಚಿಂತೆ ಮಾಡಬೇಡ' ಎಂದರೆ ಮುಳ್ಳೋ ಮುಳ್ಳು. ಆ ಮುಳ್ಳಿಗೆ ಮಾರ್ಕ 4ರಲ್ಲಿ ಯೇಸುವೇ ಹೆಸರಿಟ್ಟಿದ್ದಾನೆ. ಲೋಕದ ಚಿಂತೆ, ಐಶ್ವರ್ಯದ ಮೋಸ, ಬೇರೆ ಬೇರೆ ಆಸೆಗಳು. ಇವುಗಳಲ್ಲಿ ಯಾವುದೂ ಭಾನುವಾರದ ಹಾಜರಿಯಲ್ಲಿ ಕಾಣುವುದಿಲ್ಲ ಅಲ್ವಾ? ಆರಾಧನೆಗೆ ತಪ್ಪದೆ ಬರುವವರ ತಲೆಯಲ್ಲೂ ಅವು ಸೊಂಪಾಗಿ ಬೆಳೆಯುತ್ತವೆ. ಒಳ್ಳೆಯ ನೆಲ ಕೂಡ ಒಂದೇ ಸಮ ಕೊಡುವುದಿಲ್ಲ. ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಎಂದಿದೆ. ಮೂವತ್ತು ಕೊಟ್ಟದ್ದನ್ನು ಯಾರೂ ಬೈದಿಲ್ಲ.

ಸಾಮ್ಯ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕಾದರೆ ಹಳೆಯ ಒಡಂಬಡಿಕೆಗೆ ಹೋಗಬೇಕು. ಎರಡನೆಯ ಸಮುವೇಲ, 12ನೆಯ ಅಧ್ಯಾಯ. ಅರಸ ದಾವೀದ ತನ್ನ ಸೈನಿಕ ಊರೀಯನ ಹೆಂಡತಿಯನ್ನು ತನ್ನವಳನ್ನಾಗಿ ಮಾಡಿಕೊಂಡು, ಊರೀಯನನ್ನು ಯುದ್ಧದಲ್ಲಿ ಸಾಯಿಸಿ, ಏನೂ ಆಗಿಲ್ಲ ಎನ್ನುವ ಹಾಗೆ ಕೂತಿದ್ದಾನೆ. ಪ್ರವಾದಿ ನಾಥಾನ ಬಂದು ಕಥೆ ಹೇಳುತ್ತಾನೆ. ಒಬ್ಬ ಶ್ರೀಮಂತ, ಒಬ್ಬ ಬಡವ. ಬಡವನಿಗೆ ಮಗಳ ಹಾಗೆ ಸಾಕಿದ ಒಂದೇ ಒಂದು ಕುರಿಮರಿ. ಶ್ರೀಮಂತನ ಮನೆಗೆ ಅತಿಥಿ ಬಂದ. ಅವನು ತನ್ನ ಹಿಂಡನ್ನು ಮುಟ್ಟದೆ ಬಡವನ ಮರಿಯನ್ನು ಕಿತ್ತುಕೊಂಡ. ದಾವೀದನಿಗೆ ಕೆಂಡದಂಥ ಸಿಟ್ಟು ಬರುತ್ತದೆ. ಅವನು ಸಾಯಬೇಕು, ನಾಲ್ಕರಷ್ಟು ಕೊಡಬೇಕು ಎಂದು ತೀರ್ಪು ಕೊಟ್ಟುಬಿಡುತ್ತಾನೆ. ಆಗ ನಾಥಾನ ಹೇಳುತ್ತಾನೆ, ಆ ಮನುಷ್ಯ ನೀನೇ.

ದಾವೀದ ಪಾತ್ರ ಹಂಚಿ ಮುಗಿಸಿದ್ದ. ತಾನು ನ್ಯಾಯಾಧೀಶ ಎಂದುಕೊಂಡಿದ್ದ. ನಮ್ಮ ಕೂಟಗಳಲ್ಲಿ ಕಥೆ ಇಲ್ಲಿಯವರೆಗೆ ಬಹಳ ಚೆನ್ನಾಗಿ ನಡೆಯುತ್ತದೆ. ನಾಥಾನನ ಕೊನೆಯ ಮಾತು ಬರುವ ಹೊತ್ತಿಗೆ ಪ್ರಕಟಣೆಗಳು ಶುರುವಾಗಿರುತ್ತವೆ.

ಪಾತ್ರ ಹಂಚುವ ಈ ಚಟ ಹೊಸದೇನಲ್ಲ ಬಿಡಿ. ಸುಮಾರು 1600 ವರ್ಷಗಳ ಹಿಂದೆ ಕ್ರೈಸ್ತ ಗುರು ಸಂತ ಆಗಸ್ಟಿನ್ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಎಲ್ಲರಿಗೂ ಪಾತ್ರ ಹಂಚಿದ್ದಾನೆ. ಯೆರೂಸಲೇಮಿನಿಂದ ಯೆರಿಕೋಗೆ ಹೋಗುವ ದಾರಿಯಲ್ಲಿ ಕಳ್ಳರು ಹೊಡೆದು ಬಿಟ್ಟವನನ್ನು ದೇವಾಲಯದ ಯಾಜಕ ನೋಡಿಯೂ ದಾಟಿ ಹೋಗುತ್ತಾನೆ, ಯೆಹೂದ್ಯರಿಗೆ ಆಗದ ಸಮಾರ್ಯದವನೊಬ್ಬ ಗಾಯ ಕಟ್ಟಿ ಛತ್ರಕ್ಕೆ ಸೇರಿಸುತ್ತಾನೆ, ಅದು ಕಥೆ. ಸಮಾರ್ಯದವನು ಕ್ರಿಸ್ತ, ಛತ್ರ ಅಂದರೆ ಕ್ರೈಸ್ತ ಸಭೆ (ಚರ್ಚ್), ಛತ್ರದವನು ಅಪೊಸ್ತಲ ಪೌಲ. 1888ರಲ್ಲಿ ಜರ್ಮನಿಯ ಅಡಾಲ್ಫ್ ಯೂಲಿಷರ್ ಎಂಬ ವಿದ್ವಾಂಸ ಇಂಥ ವ್ಯಾಖ್ಯಾನಗಳ ವಿರುದ್ಧ ದೊಡ್ಡ ವಾದವನ್ನೇ ಹೂಡಿದ. ಒಂದು ಸಾಮ್ಯಕ್ಕೆ ಒಂದು ಮುಖ್ಯ ಮಾತು, ಅಷ್ಟೇ ಎಂದ. ವಾದ ಸರಿಯೋ ತಪ್ಪೋ, ನಾನು ಆಗಸ್ಟಿನ್‌ನನ್ನು ಬೈಯುವುದಿಲ್ಲ. ಯಾಕೆಂದರೆ ಆ ಪಟ್ಟಿಯಲ್ಲಿ ಹೊಡೆತ ತಿಂದು ಬಿದ್ದವನು ಆದಾಮ. ಅಂದರೆ ನಾವೆಲ್ಲರೂ. ಆಗಸ್ಟಿನ್ ತನ್ನನ್ನು ದಾರಿಬದಿಯಲ್ಲಿ ಬಿದ್ದವನ ಜೊತೆ ಮಲಗಿಸಿಕೊಂಡ. ನಾವು ಹಾಗಲ್ಲ. ನಾವು ಯಾವಾಗಲೂ ಕತ್ತೆಯ ಜೊತೆ, ಎಣ್ಣೆ, ದ್ರಾಕ್ಷಾರಸ ಹಿಡಿದುಕೊಂಡು ಬರುವ ಸಮಾರ್ಯದವರು.

ಆ ಕಥೆಯಲ್ಲಿ ಯಾಜಕನಾಗಿ ಕೂತು ನೋಡಿ ಒಮ್ಮೆ. ಅವನ ಪರವಾಗಿ ಒಂದು ನೆಪ ಎಲ್ಲರೂ ಹೇಳುತ್ತಾರೆ. ಹೆಣ ಮುಟ್ಟಿದರೆ ಮೈಲಿಗೆ, ದೇವಾಲಯದ ಕೆಲಸಕ್ಕೆ ಅಡ್ಡಿ ಅಂತ. ಆದರೆ ಲೂಕ ಬರೆದಿರುವುದು ಯಾಜಕ ಆ ದಾರಿಯಲ್ಲಿ ಇಳಿದು ಹೋಗುತ್ತಿದ್ದ ಎಂದು. ದೇವಾಲಯವಿದ್ದ ಯೆರೂಸಲೇಮ್ ಬೆಟ್ಟದ ಮೇಲೆ, ಯೆರಿಕೋ ಸಮುದ್ರಮಟ್ಟಕ್ಕಿಂತಲೂ ಕೆಳಗೆ. ಇಳಿಯುತ್ತಿದ್ದ ಎಂದರೆ ದೇವಾಲಯ ಅವನ ಬೆನ್ನ ಹಿಂದೆ ಇತ್ತು. ಅಂದರೆ ಡ್ಯೂಟಿ ಮುಗಿದಿತ್ತು. ಆರಾಧನೆ ಮುಗಿಸಿ ಮನೆ ಕಡೆ ಹೊರಟ ನನ್ನ ಹಾಗೆ, ನಿಮ್ಮ ಹಾಗೆ.

ತಪ್ಪಿಹೋದ ಮಗನ ಕಥೆಯಲ್ಲೂ ಇದೇ ಆಟ. ಚಿಕ್ಕ ಮಗ ತನ್ನ ಪಾಲಿನ ಆಸ್ತಿ ಹಾಳುಮಾಡಿ ತಿರುಗಿ ಬರುತ್ತಾನೆ, ತಂದೆ ಔತಣ ಮಾಡಿಸುತ್ತಾನೆ, ಮನೆಯಲ್ಲೇ ಇದ್ದ ದೊಡ್ಡ ಮಗ ಸಿಟ್ಟಾಗುತ್ತಾನೆ. ಎಲ್ಲರಿಗೂ ಚಿಕ್ಕವನ ಪಾತ್ರ ಬೇಕು, ಕೂಟದಲ್ಲಿ ತಾನು ಹೇಗೆ ಬದಲಾದೆ ಎಂದು ಸಾಕ್ಷಿ ಹೇಳುವಾಗ ಚೆನ್ನಾಗಿರುತ್ತದೆ. ಆದರೆ ಲೂಕ 15ರ ಆರಂಭ ಓದಿ. ಯೇಸು ಪಾಪಿಗಳ ಜೊತೆ ಊಟ ಮಾಡುತ್ತಾನೆ ಎಂದು ಗೊಣಗುತ್ತಿದ್ದ ಶಾಸ್ತ್ರಿಗಳಿಗೆ, ಫರಿಸಾಯರಿಗೆ ಹೇಳಿದ ಕಥೆ ಅದು. ಕಥೆ ನಿಲ್ಲುವುದೂ ದೊಡ್ಡ ಮಗ ಮನೆಯ ಹೊರಗೆ ನಿಂತಿರುವಾಗಲೇ. ಒಳಗೆ ಹೋದನೋ ಇಲ್ಲವೋ ಲೂಕ ಹೇಳುವುದಿಲ್ಲ. ಇನ್ನೊಂದು ಸಣ್ಣ ವಿಷಯ. ತಮ್ಮ ದುಂದುವೆಚ್ಚ ಮಾಡಿದ ಎಂದಷ್ಟೇ ಕಥೆ ಹೇಳುತ್ತದೆ. ವೇಶ್ಯೆಯರ ಮಾತು ಮೊದಲು ತೆಗೆಯುವವನು ಅಣ್ಣ. ಇವನು ಅಲ್ಲಿಗೆ ಹೋಗಿರಲೇ ಇಲ್ಲ! ಸಿಟ್ಟು ಬಂದಾಗ ಬೇರೆಯವರ ಪಾಪದ ಪಟ್ಟಿಗೆ ನಾವು ಉಚಿತವಾಗಿ ನಾಲ್ಕು ಸೇರಿಸುತ್ತೇವಲ್ಲ, ಹಾಗೆ.

ಈಗ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವ ಸಾಮ್ಯ. ಮತ್ತಾಯ 18. ಶಿಷ್ಯ ಪೇತ್ರ ಬಂದು ಎಷ್ಟು ಸಾರಿ ಕ್ಷಮಿಸಬೇಕು, ಏಳು ಸಾರಿ ಸಾಕಾ ಎಂದು ಕೇಳುತ್ತಾನೆ. ನೋಡಿ, ಪೇತ್ರನಿಗೂ ಅಂಕ ಬೇಕಿತ್ತು. ಅದಕ್ಕೆ ಯೇಸು ಒಬ್ಬ ಸೇವಕನ ಕಥೆ ಹೇಳುತ್ತಾನೆ. ಅರಸನಿಗೆ ಅವನು ಕೊಡಬೇಕಾದ ಸಾಲ 10,000 ತಲಾಂತು. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಒಬ್ಬ ಕೂಲಿಯವನ ಒಂದು ದಿನದ ದುಡಿಮೆ. ಲೆಕ್ಕ ಹಾಕಿ. 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ ಬೇಕು. ಆ ಮನುಷ್ಯ ಕಾಲಿಗೆ ಬಿದ್ದು ಏನು ಹೇಳುತ್ತಾನೆ? 'ಸ್ವಲ್ಪ ತಾಳಿಕೋ, ಎಲ್ಲಾ ತೀರಿಸುತ್ತೇನೆ.' ನಗು ಬರುತ್ತದೆ. ಅರಸ ಅಷ್ಟನ್ನೂ ಬಿಟ್ಟುಬಿಡುತ್ತಾನೆ.

ಅವನು ಹೊರಗೆ ಬಂದರೆ ಅವನಿಗೆ 100 ದಿನಾರಿ ಕೊಡಬೇಕಾದ ಜೊತೆ ಸೇವಕ ಎದುರು ಸಿಗುತ್ತಾನೆ. ಕುತ್ತಿಗೆ ಹಿಡಿಯುತ್ತಾನೆ. ಇವನೂ ಕಾಲಿಗೆ ಬಿದ್ದು ಅದೇ ಮಾತು ಹೇಳುತ್ತಾನೆ. ಸ್ವಲ್ಪ ತಾಳಿಕೋ, ತೀರಿಸುತ್ತೇನೆ. ಇವನ ಬಾಯಲ್ಲಿ ಆ ಮಾತು ನಗೆಪಾಟಲಲ್ಲ. ನಿಜವಾಗಿಯೂ ತೀರಿಸಬಹುದಾದ ಸಾಲ ಅದು. ಆದರೂ ಇವನನ್ನು ಜೈಲಿಗೆ ಹಾಕಿಸುತ್ತಾನೆ.

ಪ್ರಸಂಗಗಳಲ್ಲಿ ಈ 100 ದಿನಾರಿಯನ್ನು ಪುಡಿಗಾಸು ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮೂರು ತಿಂಗಳಿಗೂ ಮೀರಿದ ಕೂಲಿ ಪುಡಿಗಾಸಾ? ದುಡಿದು ತಿನ್ನುವವರನ್ನು ಕೇಳಿ. ನಿಮಗೆ ಆದ ನಷ್ಟ ಸಣ್ಣದು, ಮರೆತುಬಿಡಿ ಎಂದು ಯೇಸು ಹೇಳುವುದೇ ಇಲ್ಲ. ನಷ್ಟ ನಿಜ. ನೋವು ನಿಜ. ನನ್ನ ಬೆನ್ನ ಹಿಂದೆ ಮಾತಾಡಿದ ಆ ಒಬ್ಬ ಗೆಳತಿ (ಯಾರೆಂದು ಕೆಲವರಿಗೆ ಗೊತ್ತು) ನನಗೆ ಮಾಡಿದ್ದು ಪೂರ್ತಿ 100 ದಿನಾರಿ. ಒಂದು ಕಾಸು ಕಡಿಮೆಯಿಲ್ಲ. ಅದನ್ನು ಒಪ್ಪಿಕೊಂಡೇ ಕ್ಷಮಿಸಬೇಕು, ಅದೇ ಕಷ್ಟ. 'ಅಯ್ಯೋ ಬಿಡು, ಏನೂ ಆಗಿಲ್ಲ' ಎನ್ನುವುದು ಕ್ಷಮೆ ಅಲ್ಲ, ಸುಮ್ನೆ ಲೆಕ್ಕದ ಪುಸ್ತಕ ಬಚ್ಚಿಡುವುದು. ದಿನನಿತ್ಯದ ಆತ್ಮಿಕ ಬೆಳವಣಿಗೆ ಎನ್ನುತ್ತಾರಲ್ಲ, ನನಗೆ ಅದು ಎದುರಾಗುವುದು ಇಲ್ಲೇ. ಯಾವ ಹಾಳೆಯಲ್ಲೂ ಈ ಪ್ರಶ್ನೆ ಇರಲಿಲ್ಲ.

ಕೂಟ ಮುಗಿದ ಮೇಲೆ ಒಬ್ಬರು ನನಗೆ ಬುದ್ಧಿ ಹೇಳಿದರು. ಹೊಸದಾಗಿ ನಂಬಿಕೆಗೆ ಬಂದವರಿಗೆ ಏನಾದರೂ ಅಳತೆ ಬೇಡವೇ, ಫಲದಿಂದ ತಿಳಿದುಕೊಳ್ಳುವಿರಿ ಎಂದು ಯೇಸುವೇ ಹೇಳಿಲ್ಲವೇ ಎಂದರು. ಹೇಳಿದ್ದಾನೆ. ಮತ್ತಾಯ 7ರಲ್ಲಿ. ಸುಳ್ಳು ಪ್ರವಾದಿಗಳ ಬಗ್ಗೆ! ಕುರಿ ವೇಷದಲ್ಲಿ ಬರುವ ತೋಳಗಳನ್ನು ಗುರುತಿಸಲು ಹೇಳಿದ ಮಾತನ್ನು ತಂದು, ಪಾಪ, ಬೆಂಚಿನ ಮೇಲೆ ಕೂತ ಹೊಸಬರಿಗೆ ಅಂಕ ಹಾಕಲು ಬಳಸುತ್ತೀರಾ? ಹೊಸಬರಿಗೆ ಶಿಸ್ತು ಬೇಕು, ಒಪ್ಪುತ್ತೇನೆ. ಪ್ರಾರ್ಥನೆ, ಓದು, ಎಲ್ಲಾ ಬೇಕು. ಆದರೆ ಅದಕ್ಕೆ ಸಾಮ್ಯ ಬೇಕಿಲ್ಲ, ಒಂದು ಟೈಮ್‌ಟೇಬಲ್ ಸಾಕು.

ಬೆಳವಣಿಗೆಯ ಬಗ್ಗೆಯೇ ನೇರವಾಗಿ ಹೇಳಿದ ಒಂದು ಪುಟ್ಟ ಸಾಮ್ಯ ಇದೆ. ಮಾರ್ಕ 4ರಲ್ಲಿ ಮಾತ್ರ ಇದೆ, ಬೇರೆ ಸುವಾರ್ತೆಗಳಲ್ಲಿ ಇಲ್ಲ. ಇದರ ಮೇಲೆ ಪ್ರಸಂಗ ಕೇಳಿದ ನೆನಪೇ ನನಗಿಲ್ಲ. ಒಬ್ಬ ಬೀಜ ಬಿತ್ತುತ್ತಾನೆ. ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ, ಹೇಗೆಂದು ಅವನಿಗೆ ಗೊತ್ತಿಲ್ಲ. ಭೂಮಿ ತಾನಾಗಿಯೇ ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆತುಂಬಾ ಕಾಳು ಕೊಡುತ್ತದೆ. ಕಾಳು ಮಾಗಿದಾಗ ಅವನು ಕುಡುಗೋಲು ಹಾಕುತ್ತಾನೆ. ಬಿತ್ತುವುದು ಅವನ ಕೆಲಸ, ಕೊಯ್ಯುವುದು ಅವನ ಕೆಲಸ. ನಡುವೆ ನಡೆದದ್ದು ಅವನ ಕೈಯಲ್ಲಿಲ್ಲ. ಪ್ರತಿದಿನ ಕೆದಕಿ ನೋಡಿದ ಎಂದು ಬರೆದಿಲ್ಲ. ನಮಗೋ, ಫೋನಿನಲ್ಲಿ ಆಪ್ ಬೇಕು, ಸತತ ಇಷ್ಟು ದಿನ ಓದಿದಿರಿ ಎಂದು ಪದಕ ಬೇಕು.

ಆ ಗೆಳತಿಯ ಹೆಸರು ಮೊನ್ನೆ ಯಾರದೋ ಬಾಯಲ್ಲಿ ಬಂತು. ಹೊಟ್ಟೆಯಲ್ಲಿ ಏಳುತ್ತಿದ್ದ ಆ ಉರಿ ಮೊದಲಿನಷ್ಟು ಏಳಲಿಲ್ಲ. ಯಾವಾಗ ಕಡಿಮೆಯಾಯಿತು? ಗೊತ್ತಿಲ್ಲ. ಪೂರ್ತಿ ಹೋಗಿದೆಯಾ? ಇಲ್ಲ. ಇದಕ್ಕೆ ಎಷ್ಟು ಅಂಕ ಹಾಕುತ್ತೀರಿ?

ಹಾಗಂತ ಎಲ್ಲಾ ಸಾಮ್ಯಗಳ ಜೊತೆ ನನಗೆ ರಾಜಿಯಾಗಿದೆ ಎಂದುಕೊಳ್ಳಬೇಡಿ. ದ್ರಾಕ್ಷಿತೋಟದ ಕೂಲಿಗಳ ಕಥೆ ನನಗೆ ಈಗಲೂ ಆಗಿಬರುವುದಿಲ್ಲ. ಬೆಳಗಿನಿಂದ ಬಿಸಿಲಲ್ಲಿ ದುಡಿದವರಿಗೂ ಒಂದು ದಿನಾರಿ, ಸಂಜೆ ಬಂದು ಒಂದೇ ಗಂಟೆ ಕೆಲಸ ಮಾಡಿದವರಿಗೂ ಒಂದು ದಿನಾರಿ. ಕೊಡಲಿ, ತೋಟದ ಯಜಮಾನನ ಹಣ. ಆದರೆ ಕೊನೆಗೆ ಬಂದವರಿಂದ ಕೂಲಿ ಕೊಡಲು ಶುರುಮಾಡು ಎನ್ನುತ್ತಾನಲ್ಲ, ಅದು ಯಾಕೆ? ಮೊದಲು ಬಂದವರಿಗೆ ಮೊದಲು ಕೊಟ್ಟು ಕಳಿಸಿದ್ದರೆ ಅವರು ಖುಷಿಯಾಗಿ ಮನೆಗೆ ಹೋಗುತ್ತಿದ್ದರು, ಏನೂ ಗೊತ್ತಾಗುತ್ತಿರಲಿಲ್ಲ. ಬೇಕಂತಲೇ ನಿಲ್ಲಿಸಿ ತೋರಿಸುತ್ತಾನೆ. ನಾನು ಬೆಳಿಗ್ಗೆಯೇ ತೋಟಕ್ಕೆ ಬಂದವಳು. ಸಂಡೇ ಸ್ಕೂಲಿನಿಂದ ಹಿಡಿದು ಬೆಂಚು ಒರೆಸುವವರೆಗೆ ನನ್ನ ಲೆಕ್ಕ ದೊಡ್ಡದಿದೆ. ನಿನ್ನೆ ಮೊನ್ನೆ ಬಂದವರ ಮುಖದಲ್ಲಿ ನನಗಿಂತ ಜಾಸ್ತಿ ಸಂತೋಷ ಕಂಡರೆ ಚುರ್ ಎನ್ನುತ್ತದೆ. ಇದಕ್ಕೆ ಸಮಾಧಾನದ ವ್ಯಾಖ್ಯಾನ ಇದೆ ಎಂದು ಯಾರೂ ನನಗೆ ಫೋನ್ ಮಾಡಬೇಡಿ. ಕೇಳಿದ್ದೇನೆ, ಎಲ್ಲವನ್ನೂ ಕೇಳಿದ್ದೇನೆ. ಸದ್ಯಕ್ಕೆ ಆ ಯಜಮಾನನ ಜೊತೆ ನನ್ನ ಜಗಳ ಮುಗಿದಿಲ್ಲ.