ಕೊಯ್ನಾ ಖಾಲಿ ಇರಲಿ, ಜತ್ತದ ಕೆರೆ ತುಂಬಲಿ

ಕರ್ನಾಟಕದ ಆಲಮಟ್ಟಿ ಆಣೆಕಟ್ಟೆಯಲ್ಲಿ ಕೃಷ್ಣೆಯ ನೀರು ನಿಲ್ಲಿಸುವ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರಿನಿಂದ 524.256ಕ್ಕೆ ಏರಿದರೆ ಸಾಂಗ್ಲಿ, ಕೊಲ್ಹಾಪುರ ಮುಳುಗುತ್ತವೆ ಅಂತ ಈ ಕಡೆ ಮೋರ್ಚಾ. ಏರಿಸಿಯೇ ತೀರುತ್ತೇವೆ ಅಂತ ಆ ಕಡೆ ಭಾಷಣ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡಿಗರು ನಾವು, ಎರಡೂ ಭಾಷೆಯ ಪೇಪರ್ ಓದುತ್ತೇವೆ. ಎರಡರಲ್ಲೂ ಒಂದು ಪ್ರಶ್ನೆ ಮಾತ್ರ ಕಾಣುವುದಿಲ್ಲ. ಜುಲೈ-ಆಗಸ್ಟಿನಲ್ಲಿ ನದಿಯ ಮೇಲ್ಭಾಗದ ಕೊಯ್ನಾ, ವಾರಣಾ, ರಾಧಾನಗರಿ ಜಲಾಶಯಗಳಲ್ಲಿ ಎಷ್ಟು ಜಾಗ ಖಾಲಿ ಇಡಬೇಕು? ಆಮೇಲೆ ಮಳೆ ಕೈಕೊಟ್ಟರೆ ಆ ಖಾಲಿ ಜಾಗದ ನಷ್ಟ ಯಾರ ತಲೆಗೆ?

2019ರ ಆಗಸ್ಟ್ ನೆನಪಿಸಿಕೊಳ್ಳಿ. ಸಾಂಗ್ಲಿಯ ಆಯರ್ವಿನ್ ಸೇತುವೆ ಹತ್ತಿರ ಅಪಾಯದ ಮಟ್ಟ 45 ಅಡಿ, ಕೃಷ್ಣೆ 57 ಅಡಿ ದಾಟಿದ್ದಳು. ಕುರುಂದವಾಡಕ್ಕೆ ಕೊಟ್ಟ ನಮ್ಮ ಅಕ್ಕ ಮಕ್ಕಳನ್ನು ಕರೆದುಕೊಂಡು ಪರಿಹಾರ ಶಿಬಿರ ಸೇರಿದ್ದಳು. ಅದೇ ವಾರ ನಮ್ಮೂರಲ್ಲಿ ಟ್ಯಾಂಕರಿಗೆ ಪಾಳಿ. ಕೊಡ ಸಾಲಾಗಿಟ್ಟು ನಿಂತ ಹೆಣ್ಣುಮಕ್ಕಳು ಮೊಬೈಲಿನಲ್ಲಿ ಸಾಂಗ್ಲಿ ಪೇಟೆಯೊಳಗೆ ಬೋಟ್ ಹೋಗುವ ವಿಡಿಯೊ ನೋಡುತ್ತಿದ್ದರು. ನಮ್ಮ ಕಾಕಾ ಸಾಲ ಮಾಡಿ ನೀರು ಕೊಂಡು ದಾಳಿಂಬೆ ಗಿಡಗಳ ಬುಡಕ್ಕೆ ಬಕೆಟ್‌ನಲ್ಲಿ ಹಾಕುತ್ತಿದ್ದರು. ಒಂದೇ ನದಿ, ಒಂದೇ ಮನೆತನ, ಒಂದೇ ವಾರ.

ಈಗ ಲೆಕ್ಕಕ್ಕೆ ಬರೋಣ. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಒಂದು ದಿನ ಪೂರ್ತಿ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಒಳಹರಿವು ಎರಡು ಲಕ್ಷ ಕ್ಯುಸೆಕ್ ಆದರೆ ದಿನಕ್ಕೆ 17 ಟಿಎಂಸಿಗೂ ಹೆಚ್ಚು. ಕೊಯ್ನಾದ ಒಟ್ಟು ಸಾಮರ್ಥ್ಯ ಸುಮಾರು 105 ಟಿಎಂಸಿ. ಅದರಲ್ಲಿ 5 ಟಿಎಂಸಿ ಮಾತ್ರ ಖಾಲಿ ಇದ್ದರೆ ಅಂಥ ಮಳೆಯಲ್ಲಿ ಏಳು ತಾಸಿಗೆ ತುಂಬಿ ಗೇಟ್ ಎತ್ತಲೇಬೇಕು. 25 ಟಿಎಂಸಿ ಖಾಲಿ ಇದ್ದರೆ ಸುಮಾರು ಒಂದೂವರೆ ದಿನ ತಡೆದುಕೊಳ್ಳಬಹುದು. ಅಷ್ಟರಲ್ಲಿ ವಾರಣೆ, ಪಂಚಗಂಗೆಯ ಸೆಳವು ಸ್ವಲ್ಪವಾದರೂ ಮುಂದೆ ಸಾಗಿರುತ್ತದೆ. ಎಲ್ಲ ನದಿಗಳ ನೀರು ಹರಿಪುರ, ನರಸೋಬಾವಾಡಿಯಲ್ಲಿ ಒಂದೇ ಹೊತ್ತಿಗೆ ಬಂದು ಸೇರುವುದೇ ಮಹಾಪೂರದ ಮೂಲ. ಹಾಗಂತ ಜಲಾಶಯ ಖಾಲಿ ಇಟ್ಟರೆ ಪೂರವೇ ಬರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. 2021ರ ಜುಲೈ 22-23ರಂದು ಮಹಾಬಳೇಶ್ವರದಲ್ಲಿ 24 ತಾಸಿಗೆ 594 ಮಿ.ಮೀ. ಸುರಿಯಿತು. ಆಣೆಕಟ್ಟೆಯ ಕೆಳಗೆ ಬಿದ್ದ ಮಳೆಗೆ ಯಾವ ಗೇಟೂ ಇಲ್ಲ. ಆದರೂ ಆ ಒಂದೂವರೆ ದಿನ ಸಿಕ್ಕರೆ ಜನ, ದನ, ಸಾಮಾನು ಎಲ್ಲ ಸಾಗಿಸಬಹುದು.

ಹಾಗಾದರೆ ಖಾಲಿ ಯಾಕೆ ಇಡುವುದಿಲ್ಲ? ಹೆದರಿಕೆ. ಆಗಸ್ಟ್ ನಡುವೆ ಮಳೆ ನಿಂತರೆ ಜಲಾಶಯ ತುಂಬುವುದಿಲ್ಲ, ಬೇಸಿಗೆಯಲ್ಲಿ ಬೈಸಿಕೊಳ್ಳುವವರು ಅದೇ ಇಂಜಿನಿಯರರು. ಕೊಯ್ನಾದಿಂದ ವರ್ಷಕ್ಕೆ 67.5 ಟಿಎಂಸಿ ವಿದ್ಯುತ್ತಿಗಾಗಿ ಪಶ್ಚಿಮಕ್ಕೆ ತಿರುಗಿಸಲು ಕೃಷ್ಣೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿಯೇ ಅವಕಾಶ ಕೊಟ್ಟಿದೆ. ನದಿ ದಂಡೆಯ ಕಬ್ಬಿಗೆ ನೀರು ಬೇಕು. ಎಲ್ಲರದೂ ಮುಗಿದ ಮೇಲೆ, ಕೃಷ್ಣೆಯಿಂದ ಪಂಪಿನಲ್ಲಿ ನೀರೆತ್ತುವ ಮೈಶಾಳ ಏತ ನೀರಾವರಿಯ ತುದಿಯಲ್ಲಿರುವ ನಮ್ಮ ಪಾಳಿ. ಜಲಾಶಯ ಅರ್ಧ ತುಂಬಿದ ವರ್ಷ ಮೊದಲು ಒಣಗುವವರು ನಾವೇ. ಅದಕ್ಕೇ ‘ಖಾಲಿ ಇಡಿ’ ಅಂದರೆ ನಮ್ಮ ರೈತರ ಎದೆ ಧಸಕ್ ಅನ್ನುತ್ತದೆ.

ಇದಕ್ಕೆ ದಾರಿಯಿದೆ. ಮೈಶಾಳದ ಪಂಪುಗಳು ನದಿ ತುಂಬಿ ಹರಿಯುವಾಗಲೇ, ಜುಲೈ-ಆಗಸ್ಟಿನಲ್ಲಿ, ಹಗಲು-ರಾತ್ರಿ ಓಡಲಿ. ಸಂಖದ ದೊಡ್ಡನಾಲಾ ಜಲಾಶಯದಿಂದ ಹಿಡಿದು ಸಣ್ಣ ಊರಕೆರೆಯವರೆಗೆ ಎಲ್ಲವನ್ನೂ ಆಗಲೇ ತುಂಬಿಸಲಿ. ಪಂಪ್ ಎಳೆಯುವ ನೀರಿನಿಂದ ಸಾಂಗ್ಲಿಯ ಪೂರ ಇಳಿಯುವುದಿಲ್ಲ, ಅಷ್ಟು ಶಕ್ತಿ ಅದಕ್ಕಿಲ್ಲ. ಆದರೆ ನಮ್ಮ ಕೆರೆ ಮಳೆಗಾಲದಲ್ಲೇ ತುಂಬಿದ್ದರೆ ಬೇಸಿಗೆಯಲ್ಲಿ ಕೊಯ್ನಾದ ಮೇಲೆ ನಮ್ಮ ಭಾರ ಕಡಿಮೆ. ಆಗ ಜಾಗ ಖಾಲಿ ಇಡುವ ಧೈರ್ಯ ಅಧಿಕಾರಿಗಳಿಗೂ ಬರುತ್ತದೆ. ಈ ಯೋಜನೆಗಳ ಕರೆಂಟ್ ಬಿಲ್ಲಿನಲ್ಲಿ ಶೇ. 81 ಸರ್ಕಾರದ್ದು, ಶೇ. 19 ರೈತರದ್ದು ಅನ್ನುವ ಸೂತ್ರವಿದೆ. ಪೂರದ ತಿಂಗಳುಗಳಲ್ಲಿ ಆ ಶೇ. 19ನ್ನೂ ಸರ್ಕಾರವೇ ಕಟ್ಟಲಿ. ಮಹಾಪೂರದ ಪರಿಹಾರಕ್ಕೆ ಕೊಡುವ ದುಡ್ಡಿನ ಮುಂದೆ ಇದು ಏನೂ ಅಲ್ಲ.

ಕರ್ನಾಟಕದ ಪಾಲೂ ಇದರಲ್ಲಿದೆ. 2019ರ ಪೂರಕ್ಕೆ ಆಲಮಟ್ಟಿ ಹಿನ್ನೀರು ಕಾರಣವಲ್ಲ ಅಂತ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡನೇರೆ ಸಮಿತಿ ಹೇಳಿತು. ಅದನ್ನು ಒಪ್ಪುತ್ತೇನೆ. ಆದರೂ ಆಲಮಟ್ಟಿಯಲ್ಲಿ, ಅದರ ಮೇಲಿನ ಹಿಪ್ಪರಗಿ ಬ್ಯಾರೇಜಿನಲ್ಲಿ ಯಾವ ತಾರೀಖಿಗೆ ಎಷ್ಟು ಮಟ್ಟ ಅನ್ನುವುದು ನದಿಯ ಮೇಲ್ಭಾಗದವರಿಗೆ ಮೊದಲೇ ಗೊತ್ತಿರಬೇಕು. ಬಚಾವತ್ ಐತೀರ್ಪು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ ಅಂತ ನೀರು ಹಂಚಿತು. ಪೂರದ ಹೊತ್ತಿನ ಖಾಲಿ ಜಾಗವನ್ನು ಯಾರು ಹಂಚಬೇಕು? ಎರಡೂ ರಾಜ್ಯದ ಇಂಜಿನಿಯರರು ಕೂತು ತಾರೀಖುವಾರು ಪಟ್ಟಿ ಮಾಡಿ, ಮರಾಠಿ-ಕನ್ನಡ ಎರಡರಲ್ಲೂ ಜೂನ್ ಒಂದಕ್ಕೆ ಪ್ರಕಟಿಸಲಿ.

ಕೊಡು-ಕೊಳ್ಳುವುದು ಆಗದ ಮಾತಲ್ಲ. 2022ರ ಡಿಸೆಂಬರಿನಲ್ಲಿ ಗಡಿ ಜಗಳ ಕಾವೇರಿದ್ದಾಗಲೇ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯ ನೀರು ನಮ್ಮ ತಿಕ್ಕುಂಡಿ ಕೆರೆಗೆ ಬಂತು. 2019ರಲ್ಲಿ ಮಹಾರಾಷ್ಟ್ರ ಬೇಸಿಗೆಯಲ್ಲಿ ಕೆಳಗೆ 4 ಟಿಎಂಸಿ ಬಿಡುವುದು, ಬದಲಿಗೆ ಕರ್ನಾಟಕ ಜತ್ತ, ಅಕ್ಕಲಕೋಟ ಕಡೆಗೆ ಅಷ್ಟೇ ನೀರು ಕೊಡುವುದು ಅನ್ನುವ ಪ್ರಸ್ತಾಪವೂ ಇತ್ತು. ಆ ಪ್ರಸ್ತಾಪಕ್ಕೆ ಖಾಲಿ ಜಾಗದ ಲೆಕ್ಕವನ್ನೂ ಸೇರಿಸಿ ಕರಾರು ಮಾಡಿಕೊಳ್ಳಲಿ.

ಉಮದಿ, ಸಂಖ, ತಿಕ್ಕುಂಡಿ ಕಡೆಯ ಗೆಳೆಯರೇ, ವಿಸ್ತರಿತ ಮೈಶಾಳ ಯೋಜನೆ ನಮ್ಮ 65 ಹಳ್ಳಿಗಳಿಗೆ ಬರುತ್ತಿದೆ. ಪಂಪ್ ಯಾವ ತಿಂಗಳು ಓಡಬೇಕು ಅನ್ನುವುದನ್ನು ಈಗಲೇ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಪೂರದಲ್ಲಿ ಮುಳುಗುವ ಶಿರೋಳ, ಕುರುಂದವಾಡದವರೇ, ನಿಮ್ಮ ಠರಾವಿನಲ್ಲಿ ಜಲಾಶಯ ಖಾಲಿ ಇಡಿ ಅನ್ನುವ ಸಾಲಿನ ಕೆಳಗೆ ಜತ್ತದ ಕೆರೆ ತುಂಬಿಸಿ ಅನ್ನುವ ಸಾಲನ್ನೂ ಬರೆಯಿರಿ.