ಗ್ಲೋಬಿನ ನೆತ್ತಿಯ ತಿರುಪು

ಉತ್ತರದ ಊರುಗಳ ವಿಷಯದಲ್ಲಿ ಗೋಡೆಯ ಭೂಪಟವನ್ನು ನಂಬಬಾರದು. ಅದರಲ್ಲಿ ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ಒಂದು ಕಡೆ, ಅಲಾಸ್ಕಾದ ಉತ್ತರದ ತುದಿ ಇನ್ನೊಂದು ಕಡೆ. ನಡುವೆ ಗ್ರೀನ್‌ಲ್ಯಾಂಡ್, ಕೆನಡಾ ಎಲ್ಲ ಕಾಲು ಚಾಚಿಕೊಂಡು ಮಲಗಿರುತ್ತವೆ. ಅದೇ ಒಂದು ಗ್ಲೋಬನ್ನು ಮೇಲಿಂದ ಬಗ್ಗಿ ನೋಡಿ. ಧ್ರುವದ ಜಾಗದಲ್ಲಿ ಒಂದು ತಿರುಪು ಇರುತ್ತದೆ. ಅದರ ಈಚೆಗೆ ಸ್ವಾಲ್‌ಬಾರ್ಡಿನ ಲಾಂಗ್‌ಇಯರ್‌ಬಿಯೆನ್, ಆಚೆಗೆ ಅಲಾಸ್ಕಾದ ಉಟ್ಕಿಯಾಗ್ವಿಕ್. ಎರಡಕ್ಕೂ ದಾರ ಹಿಡಿದು ಎಳೆದರೆ ಅದು ಸೀದಾ ತಿರುಪಿಗೇ ತಾಗುತ್ತದೆ.

ಎರಡೂ ಕಡೆ ವಿಮಾನ ನಿಲ್ದಾಣ ಇದೆ. ಎರಡೂ ಊರಿಗೆ ಹೊರಗಿನಿಂದ ರಸ್ತೆ ಇಲ್ಲ. ಲಾಂಗ್‌ಇಯರ್‌ಬಿಯೆನ್ನಿನಿಂದ ಧ್ರುವಕ್ಕೆ ಸುಮಾರು 1,300 ಕಿಲೋಮೀಟರ್, ಅಲ್ಲಿಂದ ಉಟ್ಕಿಯಾಗ್ವಿಕ್‌ಗೆ ಸುಮಾರು 2,100. ಒಟ್ಟು 3,400 ಅನ್ನಿ. ಜೆಟ್ ವಿಮಾನಕ್ಕೆ ನಾಲ್ಕೂವರೆ ಗಂಟೆ ಕೆಲಸ. ಊಟ ಕೊಟ್ಟು ತಟ್ಟೆ ವಾಪಸ್ ತಗೊಳ್ಳೋ ಹೊತ್ತಿಗೆ ಊರು ಬಂದಿರಬೇಕು.

ಆದರೆ ಟಿಕೆಟ್ ತಗೊಂಡು ಹೋಗಲು ಹೊರಟರೆ ಕಥೆಯೇ ಬೇರೆ. ಮೊದಲು ದಕ್ಷಿಣಕ್ಕೆ ಓಸ್ಲೋಗೆ ಇಳಿಯಬೇಕು. ಅಲ್ಲಿಂದ ಐಸ್‌ಲ್ಯಾಂಡೋ ಇನ್ನೊಂದೋ ಹಿಡಿದು ಸಿಯಾಟಲ್, ಅಲ್ಲಿಂದ ಆಂಕರೇಜ್, ಆಮೇಲೆ ಮತ್ತೆ ಉತ್ತರಕ್ಕೆ. ಹನ್ನೆರಡು ಸಾವಿರ ಕಿಲೋಮೀಟರ್ ದಾಟುತ್ತದೆ. ತಲೆ ಹಿಂದಿನಿಂದ ಕೈ ತಂದು ಮೂಗು ಹಿಡಿದ ಹಾಗೆ! ವಿಮಾನ ಕಂಪನಿಗಳನ್ನು ಬೈದು ಪ್ರಯೋಜನ ಇಲ್ಲ ಬಿಡಿ. ಆ ಊರಿನವರಿಗೆ ಈ ಊರಲ್ಲಿ ಏನು ಕೆಲಸ? ಸಂತೆಗೆ ಹೋಗಬೇಕೇ, ಮದುವೆಗೆ ಹೋಗಬೇಕೇ? ಇಬ್ಬರ ನೆಂಟರೂ ದಕ್ಷಿಣದಲ್ಲೇ ಇದ್ದಾರೆ. ದೂರ ಅನ್ನೋದು ಮೈಲಿಗಿಂತ ಜಾಸ್ತಿ ನೆಂಟಸ್ತನದ ಲೆಕ್ಕ ಅಂತ ನನಗನ್ನಿಸುತ್ತದೆ.

ಧ್ರುವದ ಮೇಲೆ ವಿಮಾನ ಹಾರುವುದಿಲ್ಲ ಅಂತೇನಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಆ ದಾರಿಯಲ್ಲೇ ವಿಮಾನ ತಂದರು. ಅಂದರೆ ಬೆಂಗಳೂರಿನವರಿಗೆ ಧ್ರುವ ದಾರಿಯಲ್ಲಿ ಸಿಗುತ್ತದೆ, ಅದರ ಪಕ್ಕದಲ್ಲೇ ಇರುವ ಈ ಇಬ್ಬರಿಗೆ ಸಿಗುವುದಿಲ್ಲ!

ತಮಾಷೆ ಏನೆಂದರೆ, ಈ ಎರಡು ಕಡೆಗಳ ನಡುವೆ ನೇರ ಹಾರಾಟ ಹಿಂದೆಯೇ ಆಗಿದೆ, ಅದೂ 1928ರಲ್ಲಿ. ಅನ್ವೇಷಕ ಹ್ಯೂಬರ್ಟ್ ವಿಲ್ಕಿನ್ಸ್ ಮತ್ತು ಪೈಲಟ್ ಕಾರ್ಲ್ ಬೆನ್ ಐಲ್ಸನ್ ಒಂದೇ ಎಂಜಿನ್ನಿನ ಲಾಕ್‌ಹೀಡ್ ವೇಗಾದಲ್ಲಿ ಏಪ್ರಿಲ್ 15ರಂದು ಉಟ್ಕಿಯಾಗ್ವಿಕ್ ಬಳಿಯ ಪಾಯಿಂಟ್ ಬ್ಯಾರೋದಿಂದ ಹೊರಟರು. ತಿರುಪಿನ ಮೇಲಲ್ಲ, ಸ್ವಲ್ಪ ಪಕ್ಕದಿಂದ. ಇಪ್ಪತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಸ್ವಾಲ್‌ಬಾರ್ಡ್ ತಲುಪಿದರು. ಇವತ್ತು ಅಷ್ಟೊಂದು ವಿಮಾನ ಬದಲಿಸಿ, ಕಾದು, ಬ್ಯಾಗ್ ಎಳೆದುಕೊಂಡು ಹೋದರೆ ಇದಕ್ಕಿಂತ ಹೆಚ್ಚೇ ಬೇಕು.

ಅವರ ಪಾಡೇನೂ ಸುಖವಾಗಿರಲಿಲ್ಲ. ಬಿರುಗಾಳಿಗೆ ಸಿಕ್ಕಿ ಸ್ವಾಲ್‌ಬಾರ್ಡಿನದೇ ಒಂದು ಪಾಳು ದ್ವೀಪದಲ್ಲಿ ಇಳಿದು ಐದು ದಿನ ಕೂತರು. ಗಾಳಿ ನಿಂತ ಮೇಲೆ ವಿಮಾನ ಹಿಮಕ್ಕೆ ಅಂಟಿಕೊಂಡು ಜಪ್ಪಯ್ಯ ಅಂದರೂ ಕದಲದು. ವಿಲ್ಕಿನ್ಸ್ ಕೆಳಗಿಳಿದು ತಳ್ಳಿದ. ವಿಮಾನ ಹಾರಿತು, ವಿಲ್ಕಿನ್ಸ್ ಕೆಳಗೇ ಉಳಿದ. ಐಲ್ಸನ್ ಸುತ್ತು ಹಾಕಿ ಮತ್ತೆ ಇಳಿದ. ಎರಡನೇ ಸಲವೂ ಅದೇ ಕಥೆ. ಮೂರನೇ ಸಲ ಒಂದು ಕಾಲು ಒಳಗೆ, ಇನ್ನೊಂದು ಕಾಲಲ್ಲಿ ಹಿಮವನ್ನು ಒದೆಯುತ್ತ ಹೇಗೋ ಹತ್ತಿಕೊಂಡ. ಅಷ್ಟೆಲ್ಲ ಪಟ್ಟು ಅವರು ಸೇರಿದ್ದು ಗ್ರೀನ್ ಹಾರ್ಬರ್ ಅನ್ನುವ ಜಾಗಕ್ಕೆ, ಅಲ್ಲೊಂದು ರೇಡಿಯೋ ಠಾಣೆ ಇತ್ತು. ಅದು ದ್ವೀಪದಿಂದ ಕೆಲವೇ ಮೈಲಿ ದೂರ.